ಓಮನ ಆಂಟಿಯ ನವೆಂಬರ್ ಒಂದು

ಲಿಫ್ಟಿನ ಬಾಗಿಲು ತೆರೆದದ್ದೇ ಗಂಜಿಯ ವಾಸನೆ ಬಂತು. ಕುಡಿಯುವ ಗಂಜಿಯದಲ್ಲ, ಹತ್ತಿ ಸೀರೆಗೆ ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಒತ್ತಿದಾಗ ಏಳುತ್ತದಲ್ಲ, ಆ ಬಿಸಿ ವಾಸನೆ. ಒಳಗೆ ನಿಂತಿದ್ದವರು ನಮ್ಮ ಬ್ರೂಕ್‌ಫೀಲ್ಡ್ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ, ಹೆಸರೂ ಗೊತ್ತಿಲ್ಲದ ಒಬ್ಬ ಹಿರಿಯ ಹೆಂಗಸು. ಕೆನೆ ಬಣ್ಣದ ಸೀರೆ, ಬಂಗಾರದ ಅಂಚು. ದಿನ ನವೆಂಬರ್ ಒಂದು.

"ಗ್ರೌಂಡಾ?" ಎಂದರು. ಒಂದೇ ಸಲಕ್ಕೆ ಹೌದೆಂದು ತಲೆಯಾಡಿಸಿದೆ. ಇದನ್ನು ನನ್ನ ಕಾಲೇಜಿನವರು ಓದಿದರೆ ನಂಬುವುದಿಲ್ಲ, ಬಿಡಿ. ಚರ್ಚಾಸ್ಪರ್ಧೆಗಳಲ್ಲಿ ನಾನು ಖಾಯಂ ವಿರೋಧ ಪಕ್ಷ. ವಿಷಯ ಏನೆಂದು ಹೇಳುವ ಮೊದಲೇ ಒಪ್ಪುವುದಿಲ್ಲ ಎನ್ನುವವಳು.

ದಿನಾಚರಣೆಗಳ ಬಗ್ಗೆಯೂ ನನ್ನ ತಕರಾರು ಹಳೆಯದೇ. ಒಂದು ದಿನಕ್ಕೆ ತನ್ನದೇ ಅಂತ ಏನು ಮಹಿಮೆ ಇರುತ್ತದೆ, ನೀವೇ ಹೇಳಿ. ನವೆಂಬರ್ ಒಂದನ್ನೇ ತೆಗೆದುಕೊಳ್ಳಿ. ನಮ್ಮ ರಾಜ್ಯ ಒಂದಾದದ್ದು ಅಂದು. ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಬಂದದ್ದೂ ಇನ್ಯಾವುದೋ ವರ್ಷದ ಅದೇ ತಾರೀಖಿಗೆ. ಕೇರಳ ಹುಟ್ಟಿದ್ದು ಅಂದೇ, ಮಧ್ಯಪ್ರದೇಶ ಅಂದೇ, ಹರಿಯಾಣ, ಛತ್ತೀಸಗಢ ಎಲ್ಲ ಅಂದೇ. ಇಗರ್ಜಿಗೆ ಹೋಗುವವರಿಗೆ ಅದು ಸಕಲ ಸಂತರ ಹಬ್ಬ. ಇಷ್ಟು ಜನ ಹಂಚಿಕೊಂಡ ತಾರೀಖನ್ನು 'ನಮ್ಮ ದಿನ' ಎನ್ನುವುದು ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದ ಹಾಗೆ. ಈ ವಾಕ್ಯವನ್ನು ನಾನು ಹೈಸ್ಕೂಲಿನಲ್ಲೇ ಬರೆದು ಬಾಯಿಪಾಠ ಮಾಡಿದ್ದೆ, ರಾಜ್ಯೋತ್ಸವದ ಭಾಷಣ ಸ್ಪರ್ಧೆಗೆ. ಮೇಷ್ಟ್ರು ಓದಿ, "ಇದನ್ನ ಹೇಳಿದ್ರೆ ನಿನಗಲ್ಲಮ್ಮ, ನನಗೆ ಬೀಳುತ್ತೆ ಏಟು" ಅಂದರು.

ಆ ಭಾಷಣಕ್ಕೆಂದು ಓದಿದ ಪುಸ್ತಕದಿಂದಲೇ ನನಗೆ ನೆರೆಮನೆಯ ಓಮನ ಆಂಟಿಯ ಗುಟ್ಟು ಸಿಕ್ಕಿದ್ದು.

ಆಗ ನಾವು ಹೂಡಿಯ ಒಂದು ವಠಾರದಲ್ಲಿದ್ದೆವು. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಮ್ಮಮ್ಮ ಒಗ್ಗರಣೆ ಹಾಕಿದರೆ ಅವರಿಗೆ ಸೀನು ಬರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ದೊಡ್ಡನೆಕ್ಕುಂದಿಯ ಕಾರ್ಖಾನೆಗಳಿಗೆ ಹೋಗುತ್ತಿದ್ದರು. ಆಂಟಿ ಕರೆಂಟಿನ ಸ್ವಿಚ್ಚುಗಳನ್ನು ಒತ್ತಿ ಒತ್ತಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಮನೆಗೆ ಬಂದ ಮೇಲೂ ಮಾತಾಡುವಾಗ ಅವರ ಹೆಬ್ಬೆರಳು ಸುಮ್ಮನೆ ಏನನ್ನೋ ಒತ್ತುತ್ತಿರುತ್ತಿತ್ತು.

ಒಂದು ನವೆಂಬರ್ ಒಂದರ ಬೆಳಿಗ್ಗೆ ಅವರು ಇಂಥದೇ ಸೀರೆ ಉಟ್ಟು ಬೀದಿಗೆ ಇಳಿದರು. ಆಟೋ ಸ್ಟ್ಯಾಂಡಿನವರು ಬಾವುಟ ಕಟ್ಟಿ, ಭುವನೇಶ್ವರಿಯ ಪಟಕ್ಕೆ ಹಾರ ಹಾಕುತ್ತಿದ್ದರು. ಸ್ಟ್ಯಾಂಡಿನ ಮುಖಂಡ ಮಂಜಣ್ಣ ಆಂಟಿಯನ್ನು ಕಂಡವನೇ ಕೂಗಿದ: "ನೋಡ್ರೋ ಅಲ್ಲಿ! ಕೇರಳದೋರು, ನಮ್ಮ ಹಬ್ಬಕ್ಕೆ ಎಂಗೆ ಸೀರೆ ಉಟ್ಕೊಂಡು ಬಂದವ್ರೆ. ನಿಮ್ ಮನೇಲಿ ಒಬ್ರಾದ್ರೂ ಇಂಗೆ ಬಂದವ್ರಾ? ಬನ್ನಿ ಅಕ್ಕ, ದೀಪ ನೀವೇ ಹಚ್ಚಬೇಕು."

ಆಂಟಿ ಒಂದು ಕ್ಷಣ ಬಸ್‌ಸ್ಟಾಪಿನ ಕಡೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ದೀಪ ಹಚ್ಚಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಂದ ಮುಂದೆ ಅದು ಪದ್ಧತಿಯೇ ಆಗಿಬಿಟ್ಟಿತು; ಪ್ರತಿ ವರ್ಷ ಮಂಜಣ್ಣ ಮನೆ ಬಾಗಿಲಿಗೇ ಬಂದು ಕರೆಯುತ್ತಿದ್ದ.

ನಾನು ಸಾಮಾನ್ಯಜ್ಞಾನದ ಪುಸ್ತಕ ಹಿಡಿದು ಅವರ ಅಡುಗೆಮನೆಗೆ ನುಗ್ಗಿದ್ದು ಎರಡನೆಯ ವರ್ಷ. "ಆಂಟಿ, ಇವತ್ತು ಕೇರಳದ್ದೂ ಹುಟ್ಟುಹಬ್ಬ! ನೀವು ಸೀರೆ ಉಟ್ಟಿದ್ದು ಅದಕ್ಕೇ ಅಲ್ವಾ?"

ಅವರು ಬಾಗಿಲ ಕಡೆ ನೋಡಿ ನಕ್ಕರು. "ಮೆಲ್ಲಗೆ ಮಾತಾಡೇ."

ಅಂದು ತಿಳಿದ ಸಂಗತಿ ಇದು. ಅದೇ ದಿನ ಊರಿನ ಇನ್ನೊಂದು ತುದಿಯಲ್ಲಿ ಕೇರಳ ಸಮಾಜದವರು ಸೇರುತ್ತಿದ್ದರು. ಹೆಂಗಸರೆಲ್ಲ ಬಂಗಾರದಂಚಿನ ಸೀರೆ, ಹಾಡು, ಊಟ. ಅವರ ತಂಗಿಯೂ ಅಲ್ಲಿಗೆ ಬರುತ್ತಿದ್ದಳು. ದೀಪ ಹಚ್ಚಿ, ಮಂಜಣ್ಣನ ಭಾಷಣ ಮುಗಿದು, ಚಿತ್ರಾನ್ನ ತಿಂದು ಬಿಡಿಸಿಕೊಳ್ಳುವ ಹೊತ್ತಿಗೆ ಅಷ್ಟು ದೂರ ಹೋಗುವ ಮಾತೇ ಇರುತ್ತಿರಲಿಲ್ಲ.

"ಹೇಳಿಬಿಡಿ ಆಂಟಿ. ಅವ್ರು ತಪ್ಪು ತಿಳ್ಕೊಂಡಿದ್ದಾರೆ."

"ಹೇಳಿದ್ರೆ ಮಂಜಣ್ಣನ ಮುಖ ನೋಡೋಕಾಗುತ್ತಾ?"

"ಹಾಗಂತ ಸುಳ್ಳು ನಡೆಸಬಹುದಾ?"

"ಸುಳ್ಳೆಲ್ಲಿ ಬಂತು? ಇವತ್ತು ಹಬ್ಬ ಅಂದ್ರು. ಹೌದು ಅಂದೆ." ಅಷ್ಟಕ್ಕೆ ನಿಲ್ಲಲಿಲ್ಲ. "ನಮ್ಮೂರಲ್ಲಿ ಈ ದಿನಕ್ಕೆ ರಜಾನೂ ಇಲ್ಲ ಕಣೇ. ಕೇರಳದ ಹುಟ್ಟುಹಬ್ಬಕ್ಕೆ ನನಗೆ ರಜ ಕೊಡೋದು ನಿಮ್ಮ ಕರ್ನಾಟಕ! ದೀಪ ಹಚ್ಚೋದು ಬೇಡ್ವಾ?"

ಜಡ್ಜುಗಳು ಇದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ನಾನು ಅವರು ಕೊಟ್ಟ ಪಾಯಸದ ಲೋಟ ಖಾಲಿ ಮಾಡಿದೆ. ಆದರೆ ಆವತ್ತಿನಿಂದ ಒಂದು ನೇಮ ಮಾಡಿಕೊಂಡೆ: ನವೆಂಬರ್ ಒಂದರ ಬೆಳಿಗ್ಗೆ ಎದ್ದ ತಕ್ಷಣ ನಡುಗೋಡೆಗೆ ಬಾಯಿ ಹಚ್ಚಿ, "ಆಂಟೀ, ನಿಮ್ಮೂರಿನ ಹುಟ್ಟುಹಬ್ಬದ ಶುಭಾಶಯ!" ಆ ಕಡೆಯಿಂದ ಉತ್ತರ: "ನಿಮ್ಮೂರಿಗೂ!" ಇಡೀ ಬೀದಿಯಲ್ಲಿ ಆ ದಿನವನ್ನು ಅವರದೂ ಎಂದು ಅವರಿಗೆ ಹೇಳುತ್ತಿದ್ದವಳು ನಾನೊಬ್ಬಳೇ. ಪೂಜೆ, ಬಾವುಟ ಯಾವುದನ್ನೂ ನಂಬದ ನಾನು ಈ ಒಂದನ್ನು ತಪ್ಪಿಸಲಿಲ್ಲ.

ಅವರ ವಾದದಲ್ಲಿದ್ದ ಬಿರುಕು ಕಂಡದ್ದು ಒಂದು ವರ್ಷ ಆ ದಿನದ ಸಂಜೆ. ಬೀದಿಯಲ್ಲಿ ಆರ್ಕೆಸ್ಟ್ರಾ ಅಬ್ಬರಿಸುತ್ತಿತ್ತು. ಆಂಟಿ ಹಿತ್ತಲ ಬಚ್ಚಲ ಕಲ್ಲಿನ ಮೇಲೆ ಕೂತಿದ್ದರು, ಇನ್ನೂ ಅದೇ ಸೀರೆಯಲ್ಲಿ. ಒಂದು ಕಿವಿಗೆ ಫೋನು, ಇನ್ನೊಂದಕ್ಕೆ ಬಿಗಿಯಾಗಿ ಒತ್ತಿದ ಅಂಗೈ. ತಂಗಿ ಸಭೆಯ ಹಾಡನ್ನು ಫೋನಿನಲ್ಲಿ ಕೇಳಿಸುತ್ತಿದ್ದಳು. ನನ್ನನ್ನು ಕಂಡು ಹುಬ್ಬಿನಲ್ಲೇ ನಕ್ಕರು. ಅಂಗೈ ಮಾತ್ರ ತೆಗೆಯಲಿಲ್ಲ.

ಮುಂದಿನದು ಈ ಕಡೆಯ ಎಲ್ಲ ವಠಾರಗಳ ಕಥೆ. ಮಾಲೀಕರು ಜಾಗ ಬಿಲ್ಡರಿಗೆ ಕೊಟ್ಟರು. ನಾವು ಇತ್ತ ಬಂದೆವು, ಅವರು ಊರಿಗೆ ಹೋದರು. ಊರು ಎಂದರೆ ಯಾವುದು? ಇಷ್ಟು ವರ್ಷ ಕಂಡಕಂಡವರನ್ನು ಪ್ರಶ್ನೆ ಕೇಳಿದ ನಾನು ಅದೊಂದನ್ನು ಕೇಳಿರಲಿಲ್ಲ. ಮೊದಮೊದಲು ಫೋನಿತ್ತು. ಆಮೇಲೆ ಆ ನಂಬರು ಅಸ್ತಿತ್ವದಲ್ಲಿಲ್ಲ ಎಂಬ ಹೆಣ್ಣು ದನಿ. ಅದರೊಡನೆ ವಾದ ಮಾಡಲಾಗುವುದಿಲ್ಲ, ನೋಡಿ. ಈಗಲೂ ನವೆಂಬರ್ ಒಂದಕ್ಕೆ ಎದ್ದಾಗ ನಾಲಿಗೆಯ ತುದಿಗೆ ಆ ಶುಭಾಶಯ ಬರುತ್ತದೆ. ನನ್ನ ಮಂಚದ ಪಕ್ಕದ ಗೋಡೆಯ ಆಚೆ ಇರುವುದು ಲಿಫ್ಟು ಏರಿಳಿಯುವ ಟೊಳ್ಳು.

ಆ ಲಿಫ್ಟು ಈಗ ಗ್ರೌಂಡಿಗೆ ಬಂತು. ಬಾಗಿಲು ತೆರೆಯುತ್ತಲೇ ಸೆಕ್ಯುರಿಟಿಯವನು, "ಹ್ಯಾಪಿ ರಾಜ್ಯೋತ್ಸವ ಮೇಡಂ! ಸೀರೆ ಸಕ್ಕತ್ತಾಗಿದೆ" ಎಂದ. ಗೇಟಿನ ಹತ್ತಿರ ಒಂದು ಕ್ಯಾಬು ಕಾಯುತ್ತಿತ್ತು. ಅಷ್ಟರಲ್ಲಿ ಬಾವುಟದ ಕಂಬದ ಬಳಿಯಿಂದ ನಮ್ಮ ಸಮಿತಿಯ ಹೆಂಗಸೊಬ್ಬರು ಕೈ ಬೀಸಿದರು: "ಆಹಾ, ಎಷ್ಟು ಲಕ್ಷಣವಾಗಿ ಬಂದಿದ್ದೀರಿ! ಬನ್ನಿ ಬನ್ನಿ, ದೀಪ ಹಚ್ಚೋಕೆ ಹಿರಿಯರನ್ನೇ ಹುಡುಕ್ತಿದ್ವಿ."

ಅವರು ಒಮ್ಮೆ ಕ್ಯಾಬಿನ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಕಂಬದ ಕಡೆಗೆ ತಿರುಗಿದರು. ಆ ನೋಟ ನನಗೆ ಗೊತ್ತಿತ್ತು.

"ಅವ್ರಿಗೆ ಹೊತ್ತಾಗುತ್ತೆ," ಎಂದೆ, ವೇದಿಕೆಯ ದನಿಯಲ್ಲಿ. "ದೀಪ ನಾನು ಹಚ್ತೀನಿ."

ನಾನು ದೀಪ ಹಚ್ಚುವುದೆಂದರೆ! ಸಮಿತಿಯವರು ಬಾಯಿ ತೆರೆದೇ ನಿಂತರು. ನಾನು ಆ ಹೆಂಗಸಿನ ಪಕ್ಕ ಗೇಟಿನವರೆಗೂ ನಡೆದೆ. "ಹೋಗಿ ಬನ್ನಿ ಆಂಟಿ. ನಿಮ್ಮೂರಿನ ಹುಟ್ಟುಹಬ್ಬದ ಶುಭಾಶಯ."

ಕ್ಯಾಬಿನ ಬಾಗಿಲ ಮೇಲೆ ಕೈಯಿಟ್ಟವರು ತಿರುಗಿದರು. "ನಿನಗೆ ಹೇಗೆ ಗೊತ್ತು ಮೋಳೇ?" ಮೋಳೇ ಎಂದರೆ ಮಗಳೇ.

"ನಮ್ಮ ಪಕ್ಕದ ಮನೆಯವರು ಹೇಳಿದ್ರು."

"ಓ, ಅವರೂ ನಮ್ಮೂರಿನವರಾ? ಒಂದಿನ ಕರ್ಕೊಂಡು ಬಾ."

"ಹ್ಞೂಂ" ಎಂದೆ.

ಕ್ಯಾಬು ಹೊರಟಿತು. ನಾನು ವಾಪಸು ಬಂದು, ಚಪ್ಪಲಿ ಬಿಟ್ಟು, ಎರಡು ಕಡ್ಡಿ ಹಾಳುಮಾಡಿ, ಮೂರನೆಯದರಲ್ಲಿ ಬತ್ತಿ ಹೊತ್ತಿಸಿದೆ. ಸ್ಪೀಕರಿನಲ್ಲಿ ಹಾಡು ಜೋರಾಗಿ ಶುರುವಾಯಿತು. ಪಕ್ಕದಲ್ಲಿದ್ದವರು, "ಏನ್ರೀ, ಸೌಂಡ್ ಜಾಸ್ತಿ ಆಯ್ತಾ?" ಎಂದು ಕೇಳಿದಾಗಲೇ ತಿಳಿದದ್ದು, ನಾನು ಒಂದು ಕಿವಿಗೆ ಅಂಗೈಯನ್ನು ಬಿಗಿಯಾಗಿ ಒತ್ತಿಕೊಂಡು ನಿಂತಿದ್ದೇನೆಂದು.