ಪಕ್ಕದ ಸೀಟಿನ ಮುರುಗೇಶಣ್ಣ

ಮದುವೆಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರೂ ಮುರುಗೇಶಣ್ಣನ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಮಗುವೊಂದು ಓಡಿಬಂದು ಕಂಬಕ್ಕೆ ಬಡಿಯುವಂತಾದರೆ, ಪಾಯಸದ ಬಕೆಟ್ಟಿನವನು ಸಾರಿನ ಬಕೆಟ್ಟಿನವನಿಗೆ ಎದುರಾದರೆ, ಆ ಕಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತಿಬಿಡುತ್ತಿತ್ತು. ಬಸ್ಸು ಹತ್ತಿದರಂತೂ ಶಿವಮೊಗ್ಗದಿಂದ ಭದ್ರಾವತಿ ತಲುಪುವಷ್ಟರಲ್ಲಿ ಡ್ರೈವರಿಗಿಂತ ಹೆಚ್ಚು ಸಲ ಇವರೇ ಬ್ರೇಕು ಹಾಕಿರುತ್ತಿದ್ದರು. ಪಕ್ಕದಲ್ಲಿ ಕೂತವರು ಕಾಲುನೋವೇನೋ ಎಂದುಕೊಂಡು ಕಿಟಕಿಯ ಕಡೆ ಜಾಗ ಬಿಟ್ಟುಕೊಟ್ಟಿದ್ದೂ ಉಂಟು.

ದುರ್ಗಿಗುಡಿಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಅವರು ಕಾರು ಕಲಿಸುತ್ತಿದ್ದರು. ಅಲ್ಲೇ ಹತ್ತಿರದ ಶಾಲೆಯಲ್ಲಿ ಪಾಠ ಹೇಳುವ ನಾನು ನಲವತ್ತು ದಾಟಿದ ಮೇಲೆ ಅವರ ಶಿಷ್ಯೆಯಾದೆ. ಮೊದಲು ನಮ್ಮ ಮನೆಯವರೇ ಕಲಿಸಲು ಹೊರಟಿದ್ದರು. ಮೂರನೆಯ ದಿನಕ್ಕೆ ನಮ್ಮಿಬ್ಬರಿಗೂ ಮಾತು ನಿಂತುಹೋಯಿತು. ಮನೆ ಉಳಿಯಬೇಕಾದರೆ ಹೊರಗಿನವರೇ ಆಗಬೇಕು ಎಂದು ತೀರ್ಮಾನಿಸಿ ನನ್ನನ್ನು ಮುರುಗೇಶಣ್ಣನ ಕೈಗೆ ಒಪ್ಪಿಸಿದರು.

ಕಲಿಸುವ ಕಾರಿನಲ್ಲಿ ಎಡಗಡೆ ಸೀಟಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಅದೇ ಅವರ ಸಿಂಹಾಸನ. ಅಲ್ಲಿ ಕೂತು ಅವರು ಆಡುತ್ತಿದ್ದ ಮಾತಿಗಾಗಿಯೇ ನಾನು ಬೇಕಂತಲೇ ನಿಧಾನವಾಗಿ ಕಲಿತೆನೇನೋ.

"ಟೀಚರಮ್ಮ, ಸ್ಟೇರಿಂಗು ಏನು ಚಪಾತಿ ಹಿಟ್ಟಾ? ಯಾಕೆ ಹಾಗೆ ನಾದ್ತಾ ಇದ್ದೀರಿ?"

"ಕ್ಲಚ್ಚನ್ನ ಕೆನೆಮೊಸರಿನ ಪಾತ್ರೆ ಇಳಿಸ್ದಂಗೆ ಬಿಡ್ಬೇಕು. ನೀವು ಕೊಡಪಾನ ಎತ್ತಿಹಾಕ್ದಂಗೆ ಬಿಡ್ತೀರಿ!"

ತೀರಾ ತಾಳ್ಮೆ ತಪ್ಪಿದಾಗ ಮಾತ್ರ "ಅಯ್ಯೋ ಮಾರಾಯ್ತಿ, ಅದು ಎಮ್ಮೆ, ಹಾರ್ನಿಗೆ ಸರಿಯಲ್ಲ. ನೀವೇ ಸರೀರಿ" ಎನ್ನುವರು. ಬೈದ ಮೇಲೆ ತಾವೇ ನಗುವರು.

ಅವರ ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಮುರುಗೇಶಣ್ಣ ಹುಟ್ಟಿದ್ದು, ಬೆಳೆದದ್ದು ಎಲ್ಲ ಕ್ವಾರ್ಟರ್ಸಿನಲ್ಲಿ. ತಂದೆ ನಿವೃತ್ತರಾದಾಗ ಮನೆ ಬಿಡಬೇಕಾಯಿತು. ಅದು ಎಲ್ಲರಿಗೂ ಇರುವ ನಿಯಮವೇ. ಆದರೆ ಅಮ್ಮ ಹಿತ್ತಲಲ್ಲಿ ಬೆಳೆಸಿದ್ದ ನುಗ್ಗೆಮರವನ್ನು ಲಾರಿಗೆ ಹಾಕಲು ಬರುವುದಿಲ್ಲವಲ್ಲ. ಹೊಸದಾಗಿ ಬಂದವರು ಮರುದಿನವೇ ಅದರ ಕಾಯಿ ಕೊಯ್ದದ್ದನ್ನು ಆಕೆ ಸಾಯುವವರೆಗೂ ಹೇಳಿಕೊಂಡು ಅತ್ತರಂತೆ. "ಮನೆ ಪತ್ರ ಇನ್ನೊಬ್ಬರ ಬೀರೂನಲ್ಲಿದ್ರೆ ಅದು ಮನೆ ಅಲ್ಲ ಟೀಚರಮ್ಮ, ಛತ್ರ" ಎನ್ನುತ್ತಿದ್ದರು ಮುರುಗೇಶಣ್ಣ.

ಹಾಗಾಗಿ ಭದ್ರಾವತಿಯಲ್ಲಿ ಹದಿನೈದು ವರ್ಷದ ಸಾಲ ಮಾಡಿ ಎರಡು ಕೋಣೆಯ ಮನೆ ಕಟ್ಟಿಸಿದ ದಿನದಿಂದಲೇ ಆ ಸಾಲವನ್ನು ಅರ್ಧ ದಾರಿಯಲ್ಲೇ ಮುಗಿಸುವ ಹಟ ತೊಟ್ಟರು. ದೀಪಾವಳಿಯ ಭಕ್ಷೀಸು ಬಂದರೂ, ಲೈಸೆನ್ಸು ಸಿಕ್ಕ ಖುಷಿಗೆ ಯಾರಾದರೂ ಜೇಬಿಗೆ ನೋಟು ತುರುಕಿದರೂ ನೇರ ಬ್ಯಾಂಕಿಗೆ ಹೋಗುವರು. "ಅಸಲಿಗೆ ಹಾಕ್ಕೊಳ್ಳಿ ಸಾರ್, ಅಸಲಿಗೆ" ಎಂದು ಕೌಂಟರಿನ ಮುಂದೆ ನಿಂತು ಎರಡೆರಡು ಸಲ ಹೇಳುವರು. ಹೆಂಡತಿ ಸೆಲ್ವಕ್ಕ ರವಿಕೆ ಹೊಲಿದು ಗಳಿಸಿದ್ದೂ ಅಲ್ಲಿಗೇ. ಹೊಸ ಮನೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆದವರಲ್ಲ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಟೀ ಅಂಗಡಿಯಲ್ಲಿ ಒಬ್ಬರೇ ಹೋಗಿ ನಿಂತರೂ ಬೈಟು ಟೀ ಕೇಳುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಂಗಡಿಯವನು "ಇನ್ನರ್ಧ ಯಾರಿಗಣ್ಣ?" ಎಂದರೆ, "ಬ್ಯಾಂಕಿನೋರಿಗೆ" ಎನ್ನುವರು.

ಇಷ್ಟೆಲ್ಲ ಅವಸರ ಯಾತಕ್ಕೆಂದು ನಾನೊಮ್ಮೆ ಕೇಳಿದೆ. ಸಿಗ್ನಲ್ಲಿನಲ್ಲಿ ನಿಂತಿದ್ದೆವು.

"ಇಪ್ಪತ್ತು ವರ್ಷದಿಂದ ಗಾಡಿ ಒಳಗೇ ಇದ್ದೀನಿ, ಎಲ್ಲಿಗಾದ್ರೂ ಹೋಗಿದ್ದೀನಾ? ದುರ್ಗಿಗುಡೀಲಿ ಹೊರಟು ದುರ್ಗಿಗುಡಿಗೇ ಬರೋದು. ಗಾಣದ ಎತ್ತಿಗೂ ನಂಗೂ ಒಂದೇ ಮೈಲೇಜು" ಎಂದರು. ಆಮೇಲೆ ಸ್ವಲ್ಪ ನಾಚಿಕೊಂಡು, "ಸಾಲ ತೀರಿದ ದಿನ ಕೆಲಸಕ್ಕೆ ಸಲಾಂ. ಹಳೇ ಗಾಡಿ ಒಂದನ್ನ ಕಮ್ಮಿಗೆ ಕೊಡ್ತೀನಿ ಅಂದಿದ್ದಾರೆ ನಮ್ಮ ಸ್ಕೂಲಿನ ಯಜಮಾನ್ರು. ಸೆಲ್ವಿನ ಕೂರಿಸ್ಕೊಂಡು ನಾನೇ ಓಡಿಸ್ಕೊಂಡು ಸೇಲಂ ಹತ್ರದ ಅವಳ ತವರಿಗೆ ಹೋಗ್ಬೇಕು. ಮದುವೆ ಆದಾಗಿಂದ ಕೇಳ್ತಾ ಇದ್ದಾಳೆ. ಬಸ್ಸಲ್ಲಿ ಅವಳಿಗೆ ವಾಂತಿ. ಮರ ಕಂಡ ಕಡೆ ನಿಲ್ಸೋದು, ಬೇಕಾದಾಗ ಹೊರಡೋದು. ಟೈಮೆಷ್ಟು ಅಂತ ಕೇಳೋರು ಇರಬಾರದು" ಎಂದರು.

ಹಸಿರು ದೀಪ ಬಂದಿತ್ತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಎಂದೂ ಸಿಗ್ನಲ್ ತಪ್ಪಿಸದ ಮನುಷ್ಯ ಅವತ್ತು ಆ ಊರಿನ ದಾರಿಯಲ್ಲೇ ಇದ್ದರು.

ಕಲಿಕೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಎಡಗಡೆಯ ಓಣಿಯಿಂದ ಆಟೋ ಒಂದು ಸರ್ರನೆ ನುಗ್ಗಿತು. ಅವರ ಬದಿಯಿಂದಲೇ ಬಂದದ್ದು. ಅವರು ಒತ್ತುತ್ತಾರೆಂದು ಒಂದು ಕ್ಷಣ ಕಾದೆ. ಒತ್ತಲಿಲ್ಲ. ನಾನೇ ಎರಡೂ ಕಾಲಲ್ಲಿ ಬ್ರೇಕು ತುಳಿದೆ. ಗಾಡಿ ಗಕ್ಕನೆ ನಿಂತು ಆರಿಹೋಯಿತು.

"ಯಾಕೆ ನಿಲ್ಸಿದ್ರಿ?" ಎಂದರು ಮುರುಗೇಶಣ್ಣ.

ಆಟೋದವನು ಕಿಟಕಿಯ ಬಳಿಯೇ ನಿಂತು ಬೈಯತೊಡಗಿದಾಗ ಅವರ ಮುಖ ಬಿಳಚಿಕೊಂಡಿತು. ಬೈಗುಳ ಕೇಳಿದ್ದಕ್ಕಲ್ಲ, ಅಲ್ಲಿಯವರೆಗೆ ಆ ಆಟೋ ಇದ್ದದ್ದೇ ಅವರಿಗೆ ಗೊತ್ತಿರಲಿಲ್ಲ.

ಟೀ ಅಂಗಡಿಯ ಮುಂದೆ ನಿಲ್ಲಿಸಿದೆ. ಅವತ್ತು ಅವರು ಪೂರ್ತಿ ಟೀ ಹೇಳಿದರು.

"ನೇರ ಕಾಣುತ್ತೆ ಟೀಚರಮ್ಮ. ಬದಿಗೆ ಕಾಣಲ್ಲ. ಕೊಳವೇಲಿ ನೋಡ್ದಂಗೆ ಆಗಿದೆ. ಕಣ್ಣೊಳಗೆ ಒತ್ತಡ ಜಾಸ್ತಿ ಅಂದ್ರು ಡಾಕ್ಟ್ರು. ದಿನಾ ಹಾಕ್ಕೊಳ್ಳಿ ಅಂತ ಡ್ರಾಪ್ಸ್ ಕೊಟ್ಟಿದ್ದಾರೆ."

"ಹಾಕ್ಕೊಳ್ತಾ ಇದ್ದೀರಲ್ಲ?"

"ನೋವಾದಾಗ ಹಾಕ್ಕೊಳ್ತೀನಿ."

"ನೋವಾಗುತ್ತಾ?"

"ಇಲ್ವಲ್ಲ! ಅದಕ್ಕೇ ಬಾಟ್ಲು ಇನ್ನೂ ಹಾಗೇ ಇದೆ."

ಮಕ್ಕಳಿಗೆ ಬೈಯುವ ದನಿಯಲ್ಲೇ ಬೈದೆ. ನೋವಿಲ್ಲದೆ ತಿನ್ನುವ ಕಾಯಿಲೆ ಇದು, ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. "ಇನ್ನೊಂಚೂರು ಇದೆ ಸಾಲ. ಅದೊಂದು ಮುಗೀಲಿ. ಆಮೇಲೆ ಕಣ್ಣಿಗೆ ಟೈಮೇ ಟೈಮು" ಎಂದರು. ನೋವಿದ್ದರೆ ಮಾತ್ರ ಮದ್ದು, ನಡೆಯುವಷ್ಟು ದಿನ ದುಡಿಮೆ ಎಂದು ನಂಬಿ ಬದುಕಿದ ಮನೆಯವರು ಅವರು. ಕುಲುಮೆಯ ಬಿಸಿಗೆ ಕೈ ಬೊಬ್ಬೆ ಬಂದರೆ ಬಟ್ಟೆ ಸುತ್ತಿಕೊಂಡು ಮತ್ತೆ ಕೆಲಸಕ್ಕೆ ಹೋಗುತ್ತಿದ್ದ ತಂದೆಯ ಮಗ. ನೋಯದ ಕಣ್ಣನ್ನು ಕಾಯಿಲೆಯೆಂದು ಒಪ್ಪುವುದು ಅವರಿಂದ ಆಗಲೇ ಇಲ್ಲ.

ಒಂದು ಮಾತನ್ನು ಹೇಳಲೇಬೇಕು. ಅವತ್ತು ಸಂಜೆಯೇ ಅವರು ಡ್ರೈವಿಂಗ್ ಸ್ಕೂಲಿನ ಯಜಮಾನರ ಮುಂದೆ ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದರು. "ಬೇರೆಯವರ ಜೀವದ ಮೇಲೆ ನಾನು ಮನೆ ಕಟ್ಕೊಳ್ಳೋಕಾಗಲ್ಲ" ಎಂದರಂತೆ. ರಸ್ತೆಯ ಪಾಠ ಬಿಟ್ಟು ಮೈದಾನದಲ್ಲಿ ಹೊಸಬರಿಗೆ ಗೇರು, ಕ್ಲಚ್ಚು ತೋರಿಸುವ ಕೆಲಸಕ್ಕೆ ಇಳಿದರು. ಸಂಬಳವೂ ಇಳಿಯಿತು. ಕಂತಿನ ಮೇಲಿನ ಹಟ ಮಾತ್ರ ಇಳಿಯಲಿಲ್ಲ. ಭಾನುವಾರವೂ ಬರತೊಡಗಿದರು. ಕಂಡಾಗಲೆಲ್ಲ ನಾನು "ಡ್ರಾಪ್ಸು?" ಎನ್ನುವುದು, ಅವರು "ಓಹೋ, ತಪ್ಪದೆ!" ಎನ್ನುವುದು ನಮಸ್ಕಾರದ ಬದಲು ನಡೆಯುತ್ತಿತ್ತು.

ಸಾಲ ತೀರಿದ ದಿನ ಫೋನು ಮಾಡಿ ಕರೆದರು. ಶಾಲೆ ಮುಗಿಸಿ ಮೈದಾನಕ್ಕೆ ಹೋದೆ. ಮುರುಗೇಶಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿದ್ದರು. ಸೆಲ್ವಕ್ಕ ಮಲ್ಲಿಗೆ ಮುಡಿದು, ಮನೆಪತ್ರದ ಲಕೋಟೆಯನ್ನು ಎದೆಗವಚಿಕೊಂಡು ನಿಂತಿದ್ದರು.

"ಇನ್ನೂ ವರ್ಷಗಟ್ಟಲೆ ಟೈಮಿತ್ತಲ್ಲ ಮಾರಾಯ, ಬ್ಯಾಂಕಿನೋರು ಬೇಜಾರು ಮಾಡ್ಕೊಂಡಿರ್ತಾರೆ" ಎಂದರು ಯಜಮಾನರು ಮೈಸೂರುಪಾಕು ಬಾಯಿಗಿಟ್ಟುಕೊಳ್ಳುತ್ತ.

"ಬೇಜಾರು ಅಂದ್ರೆ! ಮ್ಯಾನೇಜರ್ರು ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ ಮುಖ ಮಾಡ್ಕೊಂಡು ಪತ್ರ ಕೊಟ್ರು" ಎಂದು ಮುರುಗೇಶಣ್ಣ ನಕ್ಕರು. "ನಾಳೆಯಿಂದ ಬರಲ್ಲ ಯಜಮಾನ್ರೇ. ಇವತ್ತೊಂದಿನ ಗಾಡಿ ಕೊಡಿ. ಇವಳನ್ನ ಭದ್ರಾವತಿವರೆಗೆ ನಾನೇ ಕರ್ಕೊಂಡು ಹೋಗ್ತೀನಿ."

ಯಜಮಾನರು ನನ್ನ ಮುಖ ನೋಡಿದರು. ನಾನು ಸೆಲ್ವಕ್ಕನ ಮುಖ ನೋಡಿದೆ. ಬೇಡ ಎನ್ನಲು ನಮ್ಮ ಮೂವರಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಬೀಗದ ಕೈ ಅವರ ಕೈಗೆ ಹೋಯಿತು.

ಸೆಲ್ವಕ್ಕನನ್ನು ಎಡಗಡೆ ಕೂರಿಸಿ, ತಾವು ಬಲಗಡೆಯ ಬಾಗಿಲು ತೆಗೆದು ಕೂತರು. ಸೀಟು ಮುಂದೆ ಮಾಡಿಕೊಂಡರು, ಕನ್ನಡಿ ಸರಿಮಾಡಿಕೊಂಡರು. ಗಾಡಿ ಅಲುಗಿದ್ದೇ ತಿಳಿಯದ ಹಾಗೆ ಹೊರಟಿತು. ಎಂಥ ಹೊರಡುವಿಕೆ ಅದು! ಮೈದಾನದ ಉದ್ದಕ್ಕೂ ಹೋಗಿ ಗೇಟಿನ ಮುಂದೆ ನಿಂತಿತು. ನಿಂತೇ ಇತ್ತು. ಎಂಜಿನ್ ಓಡುತ್ತಲೇ ಇತ್ತು. ಅವರು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ಗೇಟಿನ ಒಂದು ಕಂಬ ಹುಡುಕುವುದು, ಬಲಕ್ಕೆ ತಿರುಗಿಸಿ ಇನ್ನೊಂದನ್ನು ಹುಡುಕುವುದು ನಮಗೆ ಹಿಂದಿನಿಂದ ಕಾಣುತ್ತಿತ್ತು. ಒಂದು ಕಂಬ ಸಿಕ್ಕರೆ ಇನ್ನೊಂದು ಕಳೆದುಹೋಗುತ್ತಿತ್ತು. ಆಚೆ ರಸ್ತೆಯಲ್ಲಿ ಬೈಕು, ಲಾರಿ, ಸ್ಕೂಲು ಬಿಟ್ಟ ಮಕ್ಕಳು.

ಎಂಜಿನ್ ಆರಿಸಿ ಇಳಿದರು. ಹೆಂಡತಿಯ ಕಡೆಯ ಬಾಗಿಲನ್ನು ತಾವೇ ತೆಗೆದರು.

"ಪೆಟ್ರೋಲ್ ಕಮ್ಮಿ ಇದೆ ಸೆಲ್ವಿ. ಬಸ್ಸಿಗೆ ಹೋಗೋಣ" ಎಂದರು.

ಸೆಲ್ವಕ್ಕ ಸೆರಗಿನ ತುದಿಯಲ್ಲಿ ಲಕೋಟೆ ಮುಚ್ಚಿಕೊಂಡು ಇಳಿದರು.

ಮಲೆನಾಡಿನವಳಾದ ನಮ್ಮಜ್ಜಿ ಸಾಲವನ್ನು ರಕ್ತ ಹೀರುವ ಇಂಬಳಕ್ಕೆ ಹೋಲಿಸುತ್ತಿದ್ದಳು. ಅವಸರದಲ್ಲಿ ಕಿತ್ತರೆ ರಕ್ತ ನಿಲ್ಲದು, ಹೊಟ್ಟೆ ತುಂಬಿದರೆ ತಾನೇ ಉದುರುತ್ತದೆ ಎನ್ನುವಳು. ಸಾಲ ತೀರಿಸುವುದು ತಪ್ಪೆಂದು ಹೇಳುವ ಎದೆ ನನಗಿಲ್ಲ. ನುಗ್ಗೆಮರ ಬಿಟ್ಟುಬಂದ ತಾಯಿಯನ್ನು ನೋಡಿದವರ ಹೆದರಿಕೆ ನನಗೆ ಹೇಗೆ ಗೊತ್ತಾಗಬೇಕು? ಆದರೂ ಬ್ಯಾಂಕು ಕಾಯುತ್ತಿತ್ತಲ್ಲ, ಕಾಯಲಾರದ್ದು ಕಣ್ಣೊಂದೇ ಆಗಿತ್ತಲ್ಲ ಎಂದು ಈಗಲೂ ಅನ್ನಿಸುತ್ತದೆ.

ಕೆಲವು ತಿಂಗಳ ನಂತರ ನನ್ನ ಕಾರಿನಲ್ಲೇ ಭದ್ರಾವತಿಗೆ ಹೋದೆ. ಅದೇ ಕೊನೆಯ ಭೇಟಿಯಾಯಿತು. ಆಮೇಲೆ ಅವರು ಮನೆಯನ್ನು ಬಾಡಿಗೆಗೆ ಕೊಟ್ಟು, ನೋಡಿಕೊಳ್ಳುವವರಿದ್ದಾರೆಂದು ಸೆಲ್ವಕ್ಕನ ತಮ್ಮನ ಊರು ಸೇರಿದರು. ಈಗ ಆ ಬಾಗಿಲಲ್ಲಿ ಬೇರೆಯವರ ಚಪ್ಪಲಿಗಳಿವೆ.

ಅವತ್ತು ಸೆಲ್ವಕ್ಕ ಅಡುಗೆಮನೆಗೆ ನನ್ನನ್ನು ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು: "ನಿಮ್ಮ ಹತ್ರ ಡ್ರಾಪ್ಸು ತಪ್ಪದೆ ಹಾಕ್ಕೊಳ್ತೀನಿ ಅಂತಿದ್ರಲ್ಲ ಟೀಚರ್? ಒಂದು ತಿಂಗಳಿಗೆ ಆಗೋ ಬಾಟ್ಲು ಎರಡು ತಿಂಗಳು ಬರ್ತಿತ್ತು. ಒಂದಿನ ಈ ಕಣ್ಣಿಗೆ, ಇನ್ನೊಂದಿನ ಆ ಕಣ್ಣಿಗೆ. ನಾನು ಜಗಳ ಮಾಡ್ದೆ. ನಿಮ್ಮೂರಿಗೆ ಹೋಗೋಕೆ ಆಸೆ ಇಲ್ವಾ ನಿಂಗೆ ಅಂದ್ರು. ಊರು ನಂಗೆ ಬೇಕು ಅಂತ ಯಾಕಾದ್ರೂ ಹೇಳಿದ್ನೋ."

ಹೊರಗೆ ಬಂದು ಮುರುಗೇಶಣ್ಣನಿಗೆ ಹೇಳಿದೆ: "ದಸರಾ ರಜ ಬರ್ತಿದೆ. ನಾನೇ ಓಡಿಸ್ತೀನಿ. ಮೂವರೂ ಸೇಲಮ್ಮಿಗೆ ಹೋಗಿಬರೋಣ. ನೀವು ಹೇಳಿದ ಕಡೆ ನಿಲ್ಲಿಸ್ತೀನಿ."

ಅವರು ನಕ್ಕರು.

"ನೀವು ಚೆನ್ನಾಗಿ ಓಡಿಸ್ತೀರಿ ಟೀಚರಮ್ಮ, ನಾನೇ ಕಲಿಸಿದ್ದಲ್ವಾ? ಇವಳನ್ನ ಕರ್ಕೊಂಡು ಹೋಗಿ. ನಾನು ಬರಲ್ಲ. ಇನ್ನೊಬ್ಬರ ಪಕ್ಕದ ಸೀಟಲ್ಲಿ ಕೂತು ಕೂತು ಸಾಕಾಗಿದೆ."

"ಅವರಿಲ್ದೆ ನಾನೊಬ್ಳೇ ಹೋಗಿ ಏನು ಮಾಡ್ಲಿ?" ಎಂದರು ಸೆಲ್ವಕ್ಕ. ಆ ಮಾತು ಅಲ್ಲಿಗೆ ಮುಗಿಯಿತು.

ಓಣಿ ಇಕ್ಕಟ್ಟಿನದು. ಹೊರಡುವಾಗ ಹಿಂದಕ್ಕೇ ತೆಗೆಯಬೇಕಿತ್ತು. ಬೇಡವೆಂದರೂ ಕೇಳದೆ ಮುರುಗೇಶಣ್ಣ ಬಂದು ಕಾರಿನ ಮಗ್ಗುಲಿಗೆ ಅಂಗೈ ಊರಿಕೊಂಡು ಜೊತೆಗೇ ನಡೆದರು. "ಬರ್ಲಿ... ಬರ್ಲಿ... ಹಾಂ, ಒಂಚೂರು ಬಲಕ್ಕೆ" ಎನ್ನುತ್ತಿದ್ದರು. ಹಾದಿ ಅವರ ಪಾದಕ್ಕೆ ಗೊತ್ತಿತ್ತು. ನಾನು ಇಂಚಿಂಚೇ ಬಿಟ್ಟೆ. ದೊಡ್ಡ ರಸ್ತೆ ಸಿಕ್ಕಿದ ಮೇಲೆ ಬಾನೆಟ್ಟನ್ನು ಎರಡು ಸಲ ತಟ್ಟಿ, "ಇನ್ನು ಹೊರಡಿ" ಎಂದರು.

ಗಾಡಿ ತಿರುಗಿಸಿಕೊಂಡು ಶಿವಮೊಗ್ಗದ ಕಡೆ ಹೊರಟೆ. ಕನ್ನಡಿಯಲ್ಲಿ ನೋಡಿದರೆ ಓಣಿಯ ಬಾಯಲ್ಲಿ ಅವರು ನಗುತ್ತ ಕೈ ಬೀಸುತ್ತಿದ್ದರು. ಬೀಸುತ್ತಿದ್ದದ್ದು ರಸ್ತೆಯ ಇನ್ನೊಂದು ದಿಕ್ಕಿಗೆ. ಅಲ್ಲಿ ಯಾರೂ ಇರಲಿಲ್ಲ. ಸೆಲ್ವಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದು, ಅವರ ಎರಡೂ ಭುಜ ಹಿಡಿದು, ಮೆಲ್ಲಗೆ ನನ್ನ ಕಡೆ ತಿರುಗಿಸಿ ನಿಲ್ಲಿಸಿದರು.