ಬಳೆ ತಗಲುವ ಮೊದಲಿನ ಹಾಳೆ

ಬೆಳಗಿನ ಐದೂಮುಕ್ಕಾಲು. ಕಲಾಶಾಲೆಯ ಹಿಂಬದಿಯ ಉದ್ದನೆಯ ಶೆಡ್ಡಿನಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಕೆಲಸಕ್ಕೆ ಕೈಹಾಕುವ ಮೊದಲು ಮಸಿಯಕ್ಕ ತಮ್ಮ ಎರಡೂ ಮಣಿಕಟ್ಟುಗಳನ್ನು ಸವರಿ ನೋಡಿಕೊಳ್ಳುತ್ತಾರೆ. ಅಲ್ಲಿ ಏನೂ ಇಲ್ಲ. ನಲವತ್ತೊಂದು ವರ್ಷದಿಂದ ಏನೂ ಇಲ್ಲ, ಆದರೂ ನೋಡಿಕೊಳ್ಳುತ್ತಾರೆ. ಆಮೇಲೆ ಹಿಂದಿನ ಸಂಜೆ ಒದ್ದೆ ಮಾಡಿಟ್ಟ ಕಾಗದವೊಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಾರೆ.

"ಕೈಯನ್ನ ನಂಬೋಕಾಗಲ್ಲ, ಅದು ಯಾವಾಗಲೂ ಮಸಿಯಲ್ಲೇ ಇರುತ್ತೆ. ತೇವ ಎಷ್ಟಿದೆ ಅಂತ ಕೆನ್ನೆಗೇ ಗೊತ್ತಾಗೋದು," ಎನ್ನುತ್ತಾರೆ. ಕೆನ್ನೆಯೂ ಮಸಿಯಾಗಿದೆ ಎಂದು ನಾನು ಹೇಳಲು ಹೋಗುವುದಿಲ್ಲ.

ಕಲಾವಿದರು ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ಕೊಡುತ್ತಾರೆ. ಅದಕ್ಕೆ ರೋಲರಿನಿಂದ ಮಸಿ ಬಳಿದು, ಕಾಗದ ಹಾಸಿ, ಯಂತ್ರದ ಚಕ್ರ ತಿರುಗಿಸಿ ಅಚ್ಚು ತೆಗೆಯುವುದು ಮಸಿಯಕ್ಕನ ಕೆಲಸ. ಕೆತ್ತಿದ ಜಾಗ ಬೆಳ್ಳಗೆ ಉಳಿಯುತ್ತದೆ, ಮಿಕ್ಕದ್ದು ಕಪ್ಪು. ಒಂದು ಹಾಳೆಗೆ ಚಕ್ರ ಏಳು ಸುತ್ತು. ದಿನಕ್ಕೆ ಹನ್ನೆರಡು ಹಾಳೆ ತೆಗೆದರೆ ಇವರ ಕಣ್ಣಿಗೆ ಒಪ್ಪುವುದು ಒಂಬತ್ತೋ ಹತ್ತೋ. ಈ ಅರವತ್ಮೂರರ ವಯಸ್ಸಿನಲ್ಲಿ ಬಲಭುಜ ಎಡಭುಜಕ್ಕಿಂತ ಅರ್ಧ ಅಂಗುಲ ಇಳಿದಿದೆ. ಟೈಲರ್ ಆಗಿರುವ ತಮ್ಮ, ಅಕ್ಕನ ಬಟ್ಟೆ ಹೊಲಿಯುವಾಗ ಎರಡೂ ಭುಜಗಳ ಅಳತೆಯನ್ನು ಬೇರೆಬೇರೆಯಾಗಿ ತೆಗೆಯುತ್ತಾರೆ. ಹಾಳೆಯ ಕೆಳಗಿನ ಸಹಿ ಮಾತ್ರ ಕಲಾವಿದರದು.

ಆ ತಮ್ಮನಿಂದಲೇ ಈ ಕಥೆ. ಮೂವತ್ತು ವರ್ಷಗಳ ಹಿಂದೆ, ಮುಷ್ಕರದ ಪೋಸ್ಟರ್ ಅಂಟಿಸಿದ್ದಕ್ಕೆ ಅವರನ್ನು ಜೀಪಿನಲ್ಲಿ ಎತ್ತಿಕೊಂಡು ಹೋದರು. ಯಾವ ಠಾಣೆಯ ಪುಸ್ತಕದಲ್ಲೂ ಅವರ ಹೆಸರಿರಲಿಲ್ಲ. ಮಸಿಯಕ್ಕ ಫೋನ್ ಮಾಡಿದ್ದು ಇಂಥವರನ್ನು ಹುಡುಕಿಕೊಡುವ ಒಂದು ಮಾನವ ಹಕ್ಕುಗಳ ಸಂಸ್ಥೆಗೆ. ಏಳನೆಯ ತಿಂಗಳಲ್ಲಿ ಸಂಸ್ಥೆಯ ವಕೀಲೆ ಅವರನ್ನು ಪತ್ತೆಮಾಡಿ ಮನೆಗೆ ಕರೆತಂದರು. ಈಗ ಹಣವಿಲ್ಲದೆ ಅದೇ ಸಂಸ್ಥೆಗೆ ಕೈ ಕಟ್ಟಿಹೋಗಿದೆ. ನೆರವು ಸಿಗದಿದ್ದರೆ ಮನೆಯವರು ಕರೆಮಾಡುವ ಆ ಫೋನು ತಿಂಗಳ ಕೊನೆಗೆ ನಿಂತುಹೋಗುತ್ತದೆ. ಅದಕ್ಕಾಗಿ ಈ ಭಾನುವಾರ ಕಲಾಕೃತಿಗಳ ಹರಾಜು.

ಮಸಿಯಕ್ಕ ಮನೆಯ ಗೋಡೆಯಿಂದ ಒಂದು ಚಿತ್ರ ಇಳಿಸಿ ಕೊಂಡೊಯ್ದರು. ಕಪ್ಪು ಬಾಗಿಲು, ಅದರ ಮುಂದೆ ಒಂದು ಖಾಲಿ ಕುರ್ಚಿ. ಕೆತ್ತಿದ ಕಲಾವಿದೆ ಈಗಿಲ್ಲ. ಅವರು ಸಹಿ ಹಾಕಿದ್ದ ಇಪ್ಪತ್ತು ಹಾಳೆಗಳಲ್ಲಿ ಉಳಿದಿರುವುದು ನಾಲ್ಕೇ. ಆ ನಾಲ್ಕರಲ್ಲೂ ಬಾಗಿಲ ಕೆಳಗೆ ಕೂದಲಿನಷ್ಟು ತೆಳ್ಳಗೆ, ತುಸು ಬಾಗಿದ ಬಿಳಿ ಗೆರೆಯೊಂದಿದೆ. ಒಳಗಿನಿಂದ ಸೋರುವ ಬೆಳಕು! ಆ ಗೆರೆಯನ್ನು ಹೊಗಳಿ ವಿಮರ್ಶಕರು ಪುಟಗಟ್ಟಲೆ ಬರೆದಿದ್ದಾರೆ. ಕಾಲೇಜಿನಲ್ಲಿದ್ದಾಗ ನಾನೂ ಎರಡು ಪುಟ ಬರೆದು ಮಾರ್ಕು ಗಿಟ್ಟಿಸಿದ್ದೆ.

ಬೆಲೆ ಕಟ್ಟುವವರು ಮಸಿಯಕ್ಕನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದರಲ್ಲಿ ಬೆಳಕೇ ಇಲ್ಲವಲ್ಲಮ್ಮ. ಸಹಿಯೂ ಇಲ್ಲ. ಯಾರೋ ನಕಲು ಮಾಡಿರೋದು. ಹರಾಜಿಗೆ ತಗೊಳ್ಳೋಕಾಗಲ್ಲ."

ಮಸಿಯಕ್ಕ ಹಾಳೆಯನ್ನು ಮನೆಗೆ ವಾಪಸ್ ತಂದರು. ಅಚ್ಚು ತೆಗೆಯುವುದರಲ್ಲಿ ಎತ್ತಿದ ಕೈ ಎಂದು ನಾಲ್ಕು ದಶಕ ಕಾಪಾಡಿಕೊಂಡು ಬಂದ ಹೆಸರು ಅವರದು. ಬಾಯಿ ಬಿಟ್ಟರೆ ಆ ಹೆಸರು ಹೋಗುತ್ತದೆ, ಬಿಡದಿದ್ದರೆ ಹಾಳೆ ಮೂಲೆ ಸೇರುತ್ತದೆ. ಮೂರನೆಯ ದಿನ ಮತ್ತೆ ಹೋದರು.

"ಆ ಬೆಳಕು ನನ್ನ ಬಳೆ ಸಾರ್, ಅಂದೆ. ಮೊದಲನೇ ಹಾಳೆ ಚೆನ್ನಾಗೇ ಬಂತು. ಎರಡನೇದಕ್ಕೆ ಕಾಗದ ಹಾಸೋವಾಗ ಕೈ ಜಾರಿ ಸ್ಟೀಲ್ ಬಳೆ ಹಲಗೆಗೆ ತಗಲಿ ಗೆರೆ ಬಿತ್ತು. ಬಳೆ ಬಿಚ್ಚಿಟ್ಟು ಕೆಲಸ ಮಾಡಿ ಅಂತ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು ಅಷ್ಟೇ. ಹೆದರಿ ಸುಮ್ಮನಿದ್ದುಬಿಟ್ಟೆ."

ಕಲಾವಿದೆ ಏನೂ ಕೇಳಲಿಲ್ಲವೇ ಎನ್ನುತ್ತೇನೆ ನಾನು.

"ಎರಡನೇ ಹಾಳೆನ ತುಂಬಾ ಹೊತ್ತು ನೋಡಿದ್ರು. ಆಮೇಲೆ ನನ್ನ ಕೈ ನೋಡಿದ್ರು. 'ಹೀಗೇ ತೆಗಿಯಮ್ಮ' ಅಂದ್ರು. ಮೊದಲನೇದಕ್ಕೆ ಸಹಿ ಹಾಕಲಿಲ್ಲ, 'ಇದು ನಿನಗಿರಲಿ' ಅಂತ ಕೊಟ್ಟರು. ಅವರಿಗೆ ಗೊತ್ತಾಗಿಲ್ಲ ಅಂತಲೇ ಇಷ್ಟು ವರ್ಷ ಅಂದ್ಕೊಂಡಿದ್ದೆ. ಈಗ ಬಾಯಿಬಿಟ್ಟು ಹೇಳೋವಾಗ ಅನ್ನಿಸ್ತು, ಗೊತ್ತಿತ್ತು."

ಹಳೆಯ ಹಲಗೆ ಶೆಡ್ಡಿನ ಅಟ್ಟದಲ್ಲೇ ಇತ್ತು. ಮತ್ತೆ ಯಾರೂ ಅಚ್ಚು ತೆಗೆಯಬಾರದೆಂದು ನಡುವೆ ಗರಗಸ ಹಾಕಿದ್ದರೂ ಬಾಗಿಲ ಭಾಗ ಸರಿಯಾಗಿತ್ತು. ಬೆಲೆ ಕಟ್ಟುವವರು ಭೂತಗನ್ನಡಿ ಹಿಡಿದು ಕೂತರು. ಉಳಿ ಹೋದ ಕಡೆಯೆಲ್ಲ ಮರ ನೀಟಾಗಿ ಕತ್ತರಿಸಿಹೋಗಿತ್ತು. ಆ ಬಿಳಿ ಗೆರೆಯ ಜಾಗದಲ್ಲಿ ಮಾತ್ರ ಮರದ ನಾರು ಒಳಕ್ಕೆ ಅದುಮಿಕೊಂಡಿತ್ತು; ಅದು ಉಳಿ ಕೆತ್ತಿದ್ದಲ್ಲ, ಬಳೆ ಒತ್ತಿದ ಗುರುತು. ಅವರು ಎದ್ದು ನಿಂತು ಮಸಿಯಕ್ಕನಿಗೆ ಕೈಮುಗಿದರಂತೆ. ಅದೇ ಹಾಳೆ ಈಗ ಹರಾಜಿನ ಪಟ್ಟಿಯ ಮೊದಲ ಪುಟದಲ್ಲಿದೆ. ಕೊಳ್ಳಲು ಆಗಲೇ ಐದು ಜನ ತುದಿಗಾಲಲ್ಲಿ ನಿಂತಿದ್ದಾರೆ.

"ನನ್ನನ್ನ ಇಟ್ಟಿದ್ದ ಕೋಣೆ ಬಾಗಿಲಿಗೆ ಸಂದಿ ಇತ್ತು. ಬೆಳಗಾಯ್ತು ಅಂತ ಗೊತ್ತಾಗ್ತಿದ್ದದ್ದೇ ಅದರಿಂದ," ಎನ್ನುತ್ತಾರೆ ಚಹಾ ತಂದ ತಮ್ಮ. "ಮನೆಗೆ ಬಂದ್ರೆ ಇವಳು ಗೋಡೆಗೆ ಸಂದಿ ಇಲ್ಲದ ಬಾಗಿಲು ತೂಗುಹಾಕಿದ್ದಾಳೆ. ಎಷ್ಟು ಸಲ ರೇಗಿಸಿದೀನಿ. ಬೆಳಕೆಲ್ಲ ಊರಿಗೆ ಹಂಚಿ ಕತ್ತಲನ್ನ ಮನೆಗೆ ತಂದಿದಾಳೆ ಅಂತ ಯಾರಿಗೆ ಗೊತ್ತಿತ್ತು?"

"ಸಾಕು ಸುಮ್ನಿರೋ," ಎಂದು ಮಸಿಯಕ್ಕ ಲೋಟ ತೆಗೆದುಕೊಳ್ಳುತ್ತಾರೆ.

ಹರಾಜಿನ ಪಟ್ಟಿಯಲ್ಲಿ ಚಿತ್ರದ ಕೆಳಗೆ 'ಅಚ್ಚು ತೆಗೆದವರ ಬಳೆ ತಗಲುವ ಮೊದಲಿನ ಒಂದೇ ಹಾಳೆ' ಎಂದು ಅಚ್ಚಾಗಿದೆ. ಅದನ್ನು ಅವರು ನನಗೆ ಎರಡು ಸಲ ತೋರಿಸುತ್ತಾರೆ. ಗೋಡೆ ಖಾಲಿಯಾಯಿತೆಂಬ ಬೇಸರವಿಲ್ಲವೇ ಎಂದು ಕೇಳುತ್ತೇನೆ. ಅವರು ಚಕ್ರದ ಮೇಲೆ ಕೈಯಿಡುತ್ತಾರೆ.

"ಅವತ್ತು ನಾನು ಫೋನ್ ಮಾಡಿದಾಗ ಮೂರನೇ ರಿಂಗಿಗೆ ಎತ್ತಿದ್ರು. ಅಳಬೇಡಿ ಅನ್ನಲಿಲ್ಲ. 'ನಿಮ್ಮ ತಮ್ಮ ಎಷ್ಟು ಎತ್ತರ ಇದ್ದಾರೆ ಹೇಳಿ, ಬರ್ಕೋತೀನಿ' ಅಂದ್ರು. ಇನ್ನು ಮುಂದೆ ಯಾರು ಮಾಡಿದ್ರೂ ಯಾರಾದ್ರೂ ಹಾಗೆ ಎತ್ತಬೇಕು. ನನಗೆ ಅಷ್ಟೇ ಬೇಕಾಗಿರೋದು."