ಪಳನಿಗೆ ಹೊರಟ ಎರಡು ಮೂಟೆಗಳು

ನನ್ನ ಬೆರಳಿಗೆ ಒಂದು ಕೆಟ್ಟ ಚಾಳಿ ಇದೆ, ಮೊದಲೇ ಹೇಳಿಬಿಡುತ್ತೇನೆ. ಯಾವ ಬಟ್ಟೆ ಕಂಡರೂ ಅದರ ಅಂಚನ್ನು ಹಿಡಿದು ಉಜ್ಜಿ ನೋಡದೆ ಇರಲಾರದು. ಮದುವೆಮನೆಯೊಂದರಲ್ಲಿ ಬೀಗರ ಪಂಚೆಯನ್ನು ಹೀಗೆ ಉಜ್ಜಿ ಬೈಸಿಕೊಂಡದ್ದೂ ಉಂಟು. ಸೇಲಂನಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟುಕೊಂಡು ಮೂವತ್ತೈದು ವರ್ಷ ರೇಷ್ಮೆ ಪಂಚೆ ನೇಯ್ದವನಿಗೆ ಇಷ್ಟಾದರೂ ದುರಭ್ಯಾಸ ಬೇಡವೇ? ಆದರೆ ಈ ಚಾಳಿ ಪಳನಿಯ ದಾರಿಯಲ್ಲಿ ನನಗೆ ಕೈ ಕೊಡುತ್ತದೆ ಎಂದುಕೊಂಡಿರಲಿಲ್ಲ.

ಹರಕೆ ನನ್ನ ಹೆಂಡತಿ ಕಮಲಳದು. ನಾನು ಕಾಮಾಲೆ ಹಿಡಿದು ಮಲಗಿದ್ದಾಗ, ಒಂಬತ್ತು ವರ್ಷ ತೈಪೂಸದ ಜಾತ್ರೆಗೆ ಪಳನಿಗೆ ನಡೆದೇ ಬರುತ್ತೇನೆಂದು ಮುರುಗನಿಗೆ ಹೇಳಿಕೊಂಡಿದ್ದಳು. ಕಾಯಿಲೆ ನನ್ನದು, ವಾಸಿಯಾದದ್ದು ನನಗೆ, ನಡಿಗೆ ಮಾತ್ರ ಅವಳದು. ಎಂಟು ವರ್ಷ ನಾನು ಬೀದಿಯ ಕೊನೆಯವರೆಗೆ ಹೋಗಿ, ಕೈ ಬೀಸಿ, ಮನೆಗೆ ಬಂದು ಕಾಫಿ ಕುಡಿದೆ. ಒಂಬತ್ತನೆಯ ವರ್ಷಕ್ಕೆ ಅವಳ ಬಲಮಂಡಿ ಮುಷ್ಕರ ಹೂಡಿತು. ದಿನವಿಡೀ ರಾಟೆಯ ಮುಂದೆ ಕೂತು ನೂಲು ಸುತ್ತಿದ ಮಂಡಿ ಅದು. ನಡೆಯಲಾರದವರಿಗೆಂದು ತಂಡದ ಹಿಂದೆ ಬರುವ ವ್ಯಾನನ್ನು ದಾರಿಯಲ್ಲಿ ಒಮ್ಮೆ ಹತ್ತಿದರೂ ಹರಕೆ ಮುರಿದಂತೆ. ಆಗ ನನಗೆ ನಾಚಿಕೆಯಾಯಿತು. ನಾನೂ ಬರುತ್ತೇನೆ, ನಿನ್ನ ಮೂಟೆ ನಾನೇ ಹೊರುತ್ತೇನೆ ಎಂದೆ.

ನಮ್ಮ ಬೀದಿಯ ತಂಡಕ್ಕೆ ಮುಂದಾಳಾದ ಗುರುಸಾಮಿ ಒಪ್ಪಲಿಲ್ಲ. "ಅವರವರ ಮೂಟೆ ಅವರವರೇ ಒರಬೇಕು ಸಾಮಿ. ಅದೂ ಕಾವಡೀನೇ. ಗಂಡ ಎಂಡ್ತಿ ಅಂತ ಮಾಫಿ ಇಲ್ಲ" ಎಂದರು.

ಸರಿ, ನನ್ನ ಮೂಟೆಯಾದರೂ ಹಗುರವಾಗಿದ್ದರೆ ಅವಳಿಗೆ ಆಸರೆಯಾಗಿ ತೋಳು ಕೊಡಬಹುದು ಎಂದುಕೊಂಡೆ. ಧರ್ಮಪುರಿಯಲ್ಲಿ ನರ್ಸ್ ಆಗಿರುವ ಮಗಳು, ಹಿಮದ ಬೆಟ್ಟ ಹತ್ತುವವರು ಏನೇನು ಒಯ್ಯುತ್ತಾರೆಂಬ ಪಟ್ಟಿಯನ್ನು ಫೋನಿಗೆ ಕಳಿಸಿದಳು. ಅದರಲ್ಲಿ ಅರ್ಧ ಬೂಟಿನ ವಿಚಾರ. ನಮ್ಮದು ಬರಿಗಾಲಿನ ನಡಿಗೆ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಬಟ್ಟೆಯನ್ನು ಪದರ ಪದರವಾಗಿ ತೊಡಬೇಕಂತೆ. ತೂಕ ಇಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಕತ್ತರಿಸುವವರೂ ಇದ್ದಾರಂತೆ. ನಾವು ಬೇವಿನ ಕಡ್ಡಿಯವರು, ಆ ಮಟ್ಟಿಗೆ ಅವರಿಗಿಂತ ಮುಂದುವರಿದವರು.

"ಅಪ್ಪಾ, ವೆಯಿಟ್ ಪಾರುಂಗ, ತೂಕ ನೋಡಿ. ನೂಲು ಗೀಲು ನೋಡ್ತಾ ನಿಂತ್ಕಬ್ಯಾಡಿ" ಎಂದು ಮಗಳು ಎಚ್ಚರಿಸಿದ್ದಳು. ನಾನು ಅಂಗಡಿಗೆ ಹೋಗಿ ನೂಲನ್ನೇ ನೋಡಿದೆ. ಹಗುರದ ನೈಲಾನ್ ಜಾಕೆಟ್ ನೇಯ್ದದ್ದಲ್ಲ, ಕರಗಿಸಿ ಹುಯ್ದದ್ದು ಎನ್ನಿಸಿತು. ಗಿರಣಿ ಕಂಬಳಿಯ ಒಂದೆಳೆ ಹಿರಿದು ನೋಡುತ್ತಿದ್ದಾಗ ಅಂಗಡಿಯವನು ಅದನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. ಕೊನೆಗೆ ಪಕ್ಕದ ಮನೆಯವರ ಹತ್ತಿ ಮಗ್ಗವನ್ನು ನಾಲ್ಕು ದಿನ ಕೇಳಿ ಪಡೆದು, ದಪ್ಪ ನೂಲಿನ ದುಪ್ಪಟಿಯೊಂದನ್ನು ನಾನೇ ನೇಯ್ದೆ. ನೇಯ್ಗೆ ಎಷ್ಟು ಬಿಗಿ ಎಂದರೆ ಚಳಿಗೆ ನುಸುಳಲು ಜಾಗವೇ ಇರಲಿಲ್ಲ. ಕಮಲ ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು. "ಸೆಂದಾಗೈತೆ. ಮದ್ವೆ ಮನೇಲಿ ಆಸಕ್ಕಾಯ್ತದೆ" ಎಂದು ಕೆಳಗಿಟ್ಟಳು.

ಈ ಸಿದ್ಧತೆಗಳ ನಡುವೆ ನನಗೊಂದು ಯೋಚನೆ ಬಂತು. ನಾವು ನೋಡಲು ಹೊರಟ ದೇವರ ಮೈಮೇಲೆ ಏನಿದೆ? ಒಂದು ಕೌಪೀನ, ಕೈಯಲ್ಲೊಂದು ಕೋಲು, ಅಷ್ಟೇ. ಹಣ್ಣು ಅಣ್ಣನ ಪಾಲಾಯಿತೆಂದು ಸಿಟ್ಟಾಗಿ ಕೈಲಾಸದಿಂದ ಇಳಿದು ಬಂದವನು. ಸಿಟ್ಟಿನಲ್ಲಿ ಮನೆ ಬಿಟ್ಟವರು ಮೂಟೆ ಕಟ್ಟುವುದಿಲ್ಲ. ಕಟ್ಟಲು ಕೂತರೆ ಸಿಟ್ಟೇ ಇಳಿದುಹೋಗುತ್ತದೆ.

ಮೊದಲ ರಾತ್ರಿ ಛತ್ರದ ಅಂಗಳದಲ್ಲಿ ಮಲಗಿದೆವು. ನನ್ನ ದುಪ್ಪಟಿ ಚಳಿಯನ್ನು ತಡೆಯಿತು, ಸುಳ್ಳು ಹೇಳಬಾರದು. ಆದರೆ ಬೆಳಗಿನ ಹೊತ್ತಿಗೆ ಊರಿನ ಇಬ್ಬನಿಯನ್ನೆಲ್ಲ ಕುಡಿದು ಕೂತಿತ್ತು. ನೆನೆದ ದುಪ್ಪಟಿಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರೆ ಕಿವಿಯ ಹಿಂದೆ ನೀರು ತೊಟ್ಟಿಕ್ಕುತ್ತಿತ್ತು. ಕಮಲಳಿಗೆ ತೋಳು ಕೊಡುವುದಿರಲಿ, ನನ್ನ ಕತ್ತಿಗೇ ಯಾರಾದರೂ ಆಸರೆ ಕೊಡಬೇಕಿತ್ತು. ಸಂಕಗಿರಿ ದಾಟುವಷ್ಟರಲ್ಲಿ ಅವಳು ಚೆನ್ನಾಗಿಯೇ ಕುಂಟತೊಡಗಿದ್ದಳು. ಗುರುಸಾಮಿ ಎರಡು ಸಲ ತಿರುಗಿ ನೋಡಿದರು.

ಹುಣಿಸೆಮರದ ಕೆಳಗೆ ತಂಗಿದಾಗ ಅವಳು ಮುಖ ತೊಳೆಯಲು ಕೊಳಾಯಿಯ ಕಡೆ ಹೋದಳು. ಹೆಂಗಸರ ಮೂಟೆ ಅಂದಮೇಲೆ ಬೇಡದ್ದು ಏನಾದರೂ ಇದ್ದೇ ಇರುತ್ತದೆ, ಅದನ್ನಿಷ್ಟು ತೆಗೆದು ಇಲ್ಲೇ ಬಿಟ್ಟರೆ ಹಗುರವಾದೀತು ಎಂಬ ಗಂಡಸಿನ ಬುದ್ಧಿಯಿಂದ ಬಿಚ್ಚಿದೆ. ಅವಳದೆಂದು ಇದ್ದದ್ದು ಒಂದು ಸೀರೆ, ಒಂದು ರವಿಕೆ. ಮಿಕ್ಕದ್ದೆಲ್ಲ ನನ್ನದು. ನನ್ನ ಸ್ವೆಟರು, ನನ್ನ ಕುಲಾವಿ, ನನ್ನ ಮಫ್ಲರು, ನನ್ನ ಮಾತ್ರೆಗಳು, ನನ್ನ ಹಿಮ್ಮಡಿಗೆಂದು ಬೇವಿನೆಣ್ಣೆ, ನನ್ನ ಬಿಸಿನೀರಿನ ಫ್ಲಾಸ್ಕು. ದುಪ್ಪಟಿ ಕೈ ಕೊಡುತ್ತದೆಂದು ಅದನ್ನು ಎತ್ತಿ ನೋಡಿದ ದಿನವೇ ಅವಳಿಗೆ ಗೊತ್ತಾಗಿತ್ತು. ನನ್ನ ಕಣ್ಣು ತುಂಬಿತು. ಅದಕ್ಕೆ ಇಬ್ಬನಿಯ ನೆಪ ಹೇಳುವ ಹೊತ್ತೂ ಮೀರಿತ್ತು.

ಒಬ್ಬರ ಮೂಟೆ ಇನ್ನೊಬ್ಬರು ಹೊರಬಾರದು, ನಿಜ. ನನ್ನ ಬಟ್ಟೆಯನ್ನು ನಾನು ತೊಡಬಾರದು ಎಂದು ಯಾವ ಗುರುಸಾಮಿಯೂ ಹೇಳಿಲ್ಲ. ಸ್ವೆಟರು ತೊಟ್ಟೆ, ಕುಲಾವಿ ಇಳಿಸಿಕೊಂಡೆ, ಮಫ್ಲರು ಸುತ್ತಿದೆ, ಫ್ಲಾಸ್ಕನ್ನು ಸೊಂಟಕ್ಕೆ ಕಟ್ಟಿದೆ, ಉಳಿದದ್ದನ್ನು ಜೇಬಿಗೆ ತುಂಬಿದೆ. ದುಪ್ಪಟಿಯನ್ನು ಅಲ್ಲಿನ ಅನ್ನದಾನದ ಪಂಕ್ತಿಯಲ್ಲಿ ಉಣ್ಣುವವರಿಗೆ ಹಾಸಲು ಕೊಟ್ಟೆ. ನೆತ್ತಿಯ ಮೇಲೆ ನಡುಹಗಲ ಬಿಸಿಲು.

"ಏನ್ ಸಾಮಿ, ಈ ಬಿಸ್ಲಾಗೆ?" ಎಂದರು ಗುರುಸಾಮಿ.

"ಬಾಳ ಚಳಿ ಸಾಮಿ."

ಅವರು ನನ್ನನ್ನು ನೋಡಿದರು, ಕುಗ್ಗಿದ ಕಮಲಳ ಮೂಟೆಯನ್ನು ನೋಡಿದರು, ಮುರುಗನ ಹೆಸರು ಹೇಳುತ್ತಾ ಮುಂದೆ ನಡೆದರು. ಕಮಲ ಮಾತ್ರ ಬಿಡಲಿಲ್ಲ. "ಬುದ್ದಿ ಐತಾ ನಿಮ್ಗೆ? ಬೆವ್ರು ಇಳೀತೈತೆ, ತೆಗೀರಿ."

"ಪದರ ಪದರವಾಗಿ ಆಕ್ಕಬೇಕು ಅಂತ ನಿನ್ ಮಗ್ಳೇ ಯೋಳವ್ಳೆ."

ಅವಳು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕುಂಟುವುದು ನಿಲ್ಲಲಿಲ್ಲ. ಆದರೂ ಉಳಿದ ದಿನಗಳೆಲ್ಲ ಅವಳು ಬೆನ್ನು ನೆಟ್ಟಗೆ ಇಟ್ಟುಕೊಂಡು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ವ್ಯಾನಿನ ಮಾತು ಬರಲೇ ಇಲ್ಲ.

ಬೆಟ್ಟದ ಮೇಲೆ ಬೆಳಗಿನ ಗಾಳಿ ಚುರುಗುಟ್ಟುತ್ತಿತ್ತು. ಕಮಲ ಕಣ್ಣು ಮುಚ್ಚಿ ಕೈ ಮುಗಿದು ನಿಂತಳು. ಒಳಗೆ ಅವನು ಕೌಪೀನದಲ್ಲಿ, ಹೊರಗೆ ನಾನು ಸ್ವೆಟರಿನಲ್ಲಿ. ಬದುಕಿನಲ್ಲಿ ಮೊದಲ ಸಲ ನನಗೆ ದೇವರ ಮೇಲೆ ಕನಿಕರ ಬಂತು. ಪಾಪ, ಹೊರಡುವಾಗ ಅವನಿಗೆ ಮೂಟೆ ಕಟ್ಟಿಕೊಡುವವರು ಯಾರೂ ಇರಲಿಲ್ಲ.